ಪಲಾಂಡು ಯಾವುದು? – ಒಂದು ಜಿಜ್ಞಾಸೆ

ನಾಶಿಕದ ನಮ್ಮ ಬಳಗದ ತರುಣನೊಬ್ಬನು ಉಚ್ಚ ವ್ಯಾಸಂಗಕ್ಕಾಗಿ ಇಟಲಿ ದೇಶದ ಸಿಸಿಲಿ ದ್ವೀಪದಲ್ಲಿದ್ದಾನೆ. ಉಪನಯನವಾದಂದಿನಿಂದ ಸಂಧ್ಯಾವಂದನೆಯನ್ನು ಬಿಟ್ಟವನಲ್ಲ. ಅಡಿಗೆಯನ್ನು ತಾನೇ ಮಾಡಿಕೊಂಡು ಉಣ್ಣುವವನು. ಕಳೆದ ಚೈತ್ರಮಾಸದಲ್ಲಿ ಅವನು ನನಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದನು. ಅಲ್ಲಿಯ ಓಕ್ ಮರಗಳ ಒದ್ದೆ ನೆರಳಿನಲ್ಲಿ ವಸಂತಕಾಲಕ್ಕೆ ಒಂದು ಪುಟ್ಟ ಸಸ್ಯವು ತಾನಾಗಿ ಏಳುತ್ತದೆಯಂತೆ. ಮೂರು ಅಂಚಿನ ದಂಟು. ತಲೆ ತಗ್ಗಿಸಿ ತೂಗುವ ಬಿಳಿಯ ಹೂಗಳು. ಒಂದೊಂದು ಎಸಳಿನ ನಡುವೆಯೂ ಒಂದು ಹಸುರು ಗೆರೆ. ಸಸ್ಯಶಾಸ್ತ್ರಜ್ಞರು ಅದನ್ನು ಆಲಿಯಂ ಪೆಂಡುಲಿನಮ್ ಎಂದು ಕರೆಯುತ್ತಾರೆ. ಅವನ ಸಹಪಾಠಿಗಳು ಅದರ ಎಲೆಯನ್ನು ಹೆಚ್ಚಿ ತಮ್ಮ ಸಾರಿಗೆ ಹಾಕಿ, ಇವನಿಗೂ ಬಡಿಸಬಂದರು. ಇವನು ಕೈಯಡ್ಡ ಹಿಡಿದನು. ಆದರೆ ಮನಸ್ಸಿನಲ್ಲಿ ಸಂದೇಹ ಉಳಿಯಿತು. “ಇದು ಹೊಲದಲ್ಲಿ ಬಿತ್ತಿ ಬೆಳೆದ ಉಳ್ಳಾಗಡ್ಡಿಯಲ್ಲ; ಕಾಡಿನ ಹೂವು. ನಮ್ಮ ಸ್ಮೃತಿಕಾರರು ಇದನ್ನು ಕಂಡವರೇ ಅಲ್ಲ. ಹಾಗಾದರೆ ಇದು ನಮಗೆ ನಿಷಿದ್ಧವೋ, ಅಲ್ಲವೋ?” ಎಂಬುದು ಅವನ ಪ್ರಶ್ನೆ.

ಒಂದೇ ವಾಕ್ಯದಲ್ಲಿ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಆ ಪ್ರಶ್ನೆಯು ನಾನೇ ಎಂದೋ ಮಾಡಿದ ಒಂದು ತಪ್ಪನ್ನು ನೆನಪಿಗೆ ತಂದಿತು. ಆ ತಪ್ಪನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲವೆನಿಸಿ, ಈ ಲೇಖನವನ್ನು ಆಸ್ತಿಕ ಮಹಾಶಯರ ಮುಂದಿಡುತ್ತಿದ್ದೇನೆ.

ಮೊದಲು ಶಾಸ್ತ್ರವನ್ನು ನೋಡೋಣ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ದ್ವಿಜರಿಗೆ ವರ್ಜ್ಯವಾದವುಗಳನ್ನು ಎಣಿಸುವಾಗ ಲಶುನ, ಗೃಂಜನ, ಪಲಾಂಡು, ಕವಕ ಎಂಬ ನಾಲ್ಕು ಹೆಸರುಗಳು ಬರುತ್ತವೆ. ಲಶುನವೆಂದರೆ ಬೆಳ್ಳುಳ್ಳಿ, ಪಲಾಂಡುವೆಂದರೆ ಉಳ್ಳಾಗಡ್ಡಿ, ಕವಕವೆಂದರೆ ಅಣಬೆ. ಗೃಂಜನವೆಂದರೆ ಯಾವುದು ಎಂಬಲ್ಲಿ ಮಾತ್ರ ವ್ಯಾಖ್ಯಾನಕಾರರಲ್ಲಿಯೇ ಒಮ್ಮತವಿಲ್ಲ. ಬೆಳ್ಳುಳ್ಳಿಯದೇ ಒಂದು ಭೇದವೆಂದು ಕೆಲವರು, ಗಜ್ಜರಿಯೆಂದು ಇನ್ನು ಕೆಲವರು. ನಮ್ಮ ಕೆಲವು ಮನೆತನಗಳಲ್ಲಿ ಗಜ್ಜರಿಯನ್ನೂ ಮುಟ್ಟದಿರುವುದು ಈ ಎರಡನೆಯ ಅರ್ಥವನ್ನು ಹಿಡಿದು. ಯಾಜ್ಞವಲ್ಕ್ಯರು ಪಲಾಂಡುಭಕ್ಷಣಕ್ಕೆ ಚಾಂದ್ರಾಯಣವನ್ನು ಹೇಳುತ್ತಾರೆ. ಮನುವು ಇನ್ನೂ ಒಂದು ಸೂಕ್ಷ್ಮವನ್ನು ಕಾಣಿಸುತ್ತಾನೆ: ತಿಳಿದು ತಿಂದವನಿಗೆ ಪಾತಿತ್ಯ, ತಿಳಿಯದೆ ತಿಂದವನಿಗೆ ಪ್ರಾಯಶ್ಚಿತ್ತ. ಅಷ್ಟೇ ಅಲ್ಲ, ಅರಿವಿಲ್ಲದೆ ಹೊಟ್ಟೆಗೆ ಹೋದುದರ ಶುದ್ಧಿಗಾಗಿ ವರ್ಷಕ್ಕೊಂದು ಕೃಚ್ಛ್ರವನ್ನಾದರೂ ಆಚರಿಸಬೇಕೆಂದೂ ವಿಧಿಸುತ್ತಾನೆ. ಮನುಷ್ಯನಾದವನು ಎಲ್ಲವನ್ನೂ ತಿಳಿದು ಉಣ್ಣಲಾರನೆಂಬುದು ಆ ಕಾಲಕ್ಕೂ ಗೊತ್ತಿದ್ದ ಸಂಗತಿಯೇ.

ಪ್ರಕೃತ ಪ್ರಶ್ನೆ ಇಷ್ಟು: ಕಣ್ಣೆದುರಿಗಿರುವ ಒಂದು ಸೊಪ್ಪು ಪಲಾಂಡುವಿನ ಪಂಕ್ತಿಗೆ ಸೇರಿದ್ದೆಂದು ನಿಶ್ಚಯಿಸುವುದು ಯಾವುದರಿಂದ? ಹೆಸರಿನಿಂದಲೋ, ರೂಪದಿಂದಲೋ, ವಾಸನೆಯಿಂದಲೋ, ಈಗಿನ ವಿಜ್ಞಾನಿಗಳು ಹೇಳುವ ಕುಟುಂಬದಿಂದಲೋ?

ಹೆಸರಿನಿಂದ ಎಂಬುದು ಮೊದಲನೆಯ ಪಕ್ಷ. ಇದು ನಿಲ್ಲುವುದಿಲ್ಲ. ಕನ್ನಡದಲ್ಲಿ ಕಾಡು ಈರುಳ್ಳಿ, ಮರಾಠಿಯಲ್ಲಿ ಕೋಲಕಾಂದಾ, ಸಂಸ್ಕೃತದಲ್ಲಿ ವನಪಲಾಂಡು ಎಂದು ಕರೆಯಲ್ಪಡುವ ಒಂದು ಗಡ್ಡೆಯುಂಟು. ನೋಡಲು ಉಳ್ಳಾಗಡ್ಡಿಯೇ, ಸುಲಿದರೆ ಪದರ ಪದರವೇ. ಆದರೆ ಡ್ರಿಮಿಯಾ ಎಂಬ ಕುಲದ ಈ ಗಡ್ಡೆಗೂ ಉಳ್ಳಾಗಡ್ಡಿಗೂ ನೆಂಟಸ್ತಿಕೆಯಿಲ್ಲ. ಇದರಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ವಿಷವಿದೆ. ಭೂಮಧ್ಯಸಮುದ್ರದ ತೀರದಲ್ಲಿ ಬೆಳೆಯುವ ಇದರ ಸೋದರಸಸ್ಯವನ್ನು ಯವನ ವೈದ್ಯರು ಪ್ರಾಚೀನಕಾಲದಿಂದಲೂ ಅಳೆದು ತೂಗಿ ಔಷಧಕ್ಕೆ ಬಳಸುತ್ತಿದ್ದರು. ಹೆಸರಿನಲ್ಲಿ ಪಲಾಂಡುವಿದ್ದರೂ ವಸ್ತುವಿನಲ್ಲಿ ಇಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಬದರೀಯಾತ್ರೆಗೆ ಹೋದವರು ಉತ್ತರಾಖಂಡದ ಎತ್ತರದ ಹಳ್ಳಿಗಳಲ್ಲಿ ಬೇಳೆಗೆ ಜಂಬು ಅಥವಾ ಫರಣ್ ಎಂಬ ಒಣಗಿದ ಎಲೆಯ ಒಗ್ಗರಣೆ ಕೊಡುವುದನ್ನು ಕಂಡಿರಬಹುದು. ಅದು ಆಲಿಯಂ ಸ್ಟ್ರಾಚಿಯೈ, ಹಿಮಾಲಯದ ಕಾಡುಳ್ಳಿ. “ಉಳ್ಳಾಗಡ್ಡಿ ಬೆಳ್ಳುಳ್ಳಿ ಏನೂ ಹಾಕಿಲ್ಲ ಮಹಾರಾಜ್” ಎಂದು ಬಡಿಸುವವನು ಸುಳ್ಳು ಹೇಳಿರಲಿಕ್ಕಿಲ್ಲ. ಅವನ ಪಾಲಿಗೆ ಅದು ಬರಿಯ ಜಂಬು. ಇಲ್ಲಿ ವಸ್ತುವಿದೆ, ಹೆಸರಿಲ್ಲ.

ಕುಟುಂಬದಿಂದ ಎಂಬ ಪಕ್ಷವೂ ಅಷ್ಟೇ ದುರ್ಬಲ. ಹಳೆಯ ಗ್ರಂಥಗಳಲ್ಲಿ ಉಳ್ಳಾಗಡ್ಡಿಯನ್ನು ಲಿಲ್ಲಿಯ ಕುಟುಂಬದಲ್ಲಿ ಇಟ್ಟಿದ್ದರು. ಆಮೇಲೆ ಅದಕ್ಕೇ ಒಂದು ಬೇರೆ ಮನೆ ಮಾಡಿದರು. 2009ರ ವರ್ಗೀಕರಣದಲ್ಲಿ ಅಮರಿಲ್ಲಿಸ್ ಹೂವಿನ ಕುಟುಂಬಕ್ಕೆ ಸೇರಿಸಿದರು. ಮೊದಲ ಮಳೆ ಬಿದ್ದೊಡನೆ ನಮ್ಮ ಅಂಗಳದ ಕುಂಡಗಳಲ್ಲಿ ಅರಳುವ ಮಳೆಲಿಲ್ಲಿಯೂ ಅದೇ ಕುಟುಂಬದ್ದು. ಹಾಗೆಂದು ಅದನ್ನು ಯಾರೂ ಕಿತ್ತೆಸೆಯುವುದಿಲ್ಲ. ವಿದ್ವಾಂಸರ ಪಟ್ಟಿ ಪರಿಷ್ಕಾರವಾದಾಗಲೆಲ್ಲ ನಮ್ಮ ಅಡಿಗೆಮನೆಯ ಮಡಿ ಬದಲಾಗಲು ಬರುವುದಿಲ್ಲ.

ಇನ್ನು ಉಳಿದವು ರೂಪ ಮತ್ತು ವಾಸನೆ. ಅವುಗಳ ವಿಷಯದಲ್ಲಿಯೇ ನನ್ನ ತಪ್ಪು ನಡೆದದ್ದು.

ಇದು 1994ರ ಮಳೆಗಾಲದ ಮಾತು. ನಾನು ಆಗ ರೇಲ್ವೆಯ ವಾಣಿಜ್ಯ ವಿಭಾಗದಲ್ಲಿದ್ದೆ; ವಾಸ ನಾಶಿಕ ರೋಡಿನ ಕ್ವಾರ್ಟರ್ಸಿನಲ್ಲಿ. ಈ ಜಿಲ್ಲೆಯ ಲಾಸಲಗಾಂವವು ಉಳ್ಳಾಗಡ್ಡಿಯ ಪೇಟೆಯೆಂದು ದೇಶಕ್ಕೆಲ್ಲ ಗೊತ್ತು. ಅಲ್ಲಿಯ ಮಾರುಕಟ್ಟೆ ಸಮಿತಿಯು 1947ರಲ್ಲಿ ಸ್ಥಾಪಿತವಾದದ್ದು. ಅತ್ತ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ ತಾಲೂಕಿನಲ್ಲಿಯೂ, ನಮ್ಮ ನುಡಿಯ ಹೆಸರನ್ನೇ ಹೊತ್ತು ನಮ್ಮವರನ್ನು ಸೋಜಿಗಗೊಳಿಸುವ ಕನ್ನಡ ತಾಲೂಕಿನಲ್ಲಿಯೂ ಇದೇ ಬೆಳೆ. ಬೇಸಗೆಯಲ್ಲಿ ಕಿತ್ತು ಚಾಳಿಗಳಲ್ಲಿ ಕೂಡಿಟ್ಟ ಉಳ್ಳಾಗಡ್ಡಿಯನ್ನು ಮಳೆಗಾಲದುದ್ದಕ್ಕೂ ಚೀಲಗಳಲ್ಲಿ ತುಂಬಿ, ವ್ಯಾಗನ್ನುಗಳಲ್ಲಿ ಉತ್ತರಕ್ಕೂ ಪೂರ್ವಕ್ಕೂ ಕಳುಹಿಸುತ್ತಾರೆ. ರೇಕು ತುಂಬುವ ದಿವಸ ನಾನು ಲಾಸಲಗಾಂವದ ಯಾರ್ಡಿನಲ್ಲಿ ಬೆಳಗಿನಿಂದ ಸಂಜೆಯ ತನಕ ಚೀಲಗಳ ನಡುವೆ ನಿಂತಿರಬೇಕಾಗುತ್ತಿತ್ತು. ಚೀಲ ಮುಟ್ಟಬೇಕು, ಒದ್ದೆಯಾಗಿದೆಯೇ ಎಂದು ನೋಡಬೇಕು, ರಸೀದಿಗೆ ರುಜು ಹಾಕಬೇಕು. ನಾಲಗೆಗೆ ತಾಗಿಸದ ವಸ್ತುವು ನನ್ನ ಸಂಬಳಕ್ಕೆ ಮಾರ್ಗವಾಗಿತ್ತು. ಅದರ ವಿಷಯದಲ್ಲಿ ನನಗೆ ಯಾವ ಸಂಕೋಚವೂ ಇರಲಿಲ್ಲ.

ಅಂದು ಆಷಾಢ ಶುದ್ಧ ನವಮಿ. ನಮ್ಮ ಮರಾಠಿ ನೆರೆಹೊರೆಯವರಿಗೆ ಇದು ಕಾಂದೇನವಮಿ. ಚಾತುರ್ಮಾಸ್ಯದಲ್ಲಿ ಉಳ್ಳಾಗಡ್ಡಿಯನ್ನು ಬಿಡುವವರು ಬಿಡುವ ಮುನ್ನ ಆ ದಿನ ಅದರದೇ ಪದಾರ್ಥಗಳನ್ನು ಮಾಡಿ ಉಣ್ಣುತ್ತಾರೆ. ಓಣಿಯ ಮನೆಮನೆಯಲ್ಲಿಯೂ ಭಜಿ ಕರಿಯುತ್ತಿದ್ದರು. ನಮ್ಮ ಮನೆಯಲ್ಲಿ ಲೆಕ್ಕ ಬೇರೆ: ದಶಮಿಗೆ ಏಕಭುಕ್ತ, ಏಕಾದಶಿಗೆ ನಿರಾಹಾರ, ದ್ವಾದಶಿಯಿಂದ ಶಾಕವ್ರತ. ಒಂದು ತಿಂಗಳು ಕಾಯಿಪಲ್ಲೆ ಕಾಣುವಂತಿಲ್ಲ. ಆದುದರಿಂದ ಆ ಸಂಜೆ ಒಂದು ಹಸಿರು ಪಲ್ಯ ಮಾಡಬೇಕೆಂದು ನನ್ನ ಗೃಹಿಣಿಯು ಪೇಠ ತಾಲೂಕಿನ ಕಡೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಆದಿವಾಸಿ ಹೆಣ್ಣುಮಗಳಿಂದ ಫೋಡಶೀ ಎಂಬ ಕಾಡುಸೊಪ್ಪಿನ ಎರಡು ಕಟ್ಟು ಕೊಂಡಿದ್ದಳು. ಮೊದಲ ಮಳೆಗೆ ಸಹ್ಯಾದ್ರಿಯ ಇಳಿಜಾರಿನಲ್ಲಿ ಏಳುವ ಸೊಪ್ಪು ಅದು. ಕುಲೂ ಎಂಬ ಹೆಸರೂ ಅದಕ್ಕುಂಟು. ಎಲೆಯ ಬುಡದ ಬಿಳಿಯ ಭಾಗವನ್ನು ತೆಗೆದು, ಹೆಸರುಬೇಳೆ ಹಾಕಿ ಬೇಯಿಸುವ ಕ್ರಮವನ್ನು ಆ ಮಾರುವಾಕೆಯೇ ಹೇಳಿಕೊಟ್ಟಿದ್ದಳಂತೆ.

ನಾನು ಯಾರ್ಡಿನಿಂದ ಬಂದವನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ಉದ್ದುದ್ದ ಎಲೆ, ಬಿಳಿಯ ಬುಡ. ಉಳ್ಳಾಗಡ್ಡಿಯ ತಪ್ಪಲೇ ಎಂದು ಕಣ್ಣು ಹೇಳಿತು. ಬಗ್ಗಿ ಒಂದು ಎಲೆಯನ್ನು ಎತ್ತಿಕೊಂಡು ಹೊಸಕಿ ಮೂಸಿದೆ. ಉಳ್ಳಾಗಡ್ಡಿಯ ವಾಸನೆ ಮೂಗಿಗೆ ಹೊಡೆಯಿತು. “ಬ್ರಾಹ್ಮಣರ ಮನೆಯೊಳಗ ಇದನ್ನ ತಂದೀಯಾ?” ಎಂದು ಕೂಗಾಡಿದೆ. ಅವಳು ಎದುರು ಮಾತಾಡಿದವಳಲ್ಲ; ಅಂದು ಒಂದೇ ಮಾತು ಹೇಳಿದಳು: “ಕೈ ತೊಳ್ಕೊಂಡು ಬಂದು ಮತ್ತ ಮೂಸಿ ನೋಡ್ರಿ.” ನಾನು ತೊಳೆಯಲಿಲ್ಲ. ಎರಡೂ ಕಟ್ಟುಗಳನ್ನು ಒಯ್ದು ಹಿತ್ತಲಾಚೆ ಚೆಲ್ಲಿ ಬಂದೆ. ಮರುದಿನ ಬಾಗಿಲಿಗೆ ಬಂದ ಆ ಹೆಣ್ಣುಮಗಳಿಗೂ ಗದರಿಸಿದೆ. “ಕಾಂದಾ ನಾಹೀ ಸಾಹೇಬ, ಫೋಡಶೀ ಆಹೇ” ಎಂದಳು, ನಾನು ಕೇಳಲಿಲ್ಲ. ಅವಳು ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ವಾಚಕರು ಈಗಾಗಲೇ ಗ್ರಹಿಸಿರಬಹುದು. ಇಡೀ ದಿನ ಉಳ್ಳಾಗಡ್ಡಿಯ ಚೀಲ ಮುಟ್ಟಿದ ಕೈ ನನ್ನದು. ಓಣಿಯ ಗಾಳಿಯಲ್ಲಿ ಇದ್ದದ್ದೂ ಅದೇ ವಾಸನೆ. ಮೈಲಿಗೆಯ ಬಟ್ಟೆಯಲ್ಲಿ ಅಡಿಗೆಮನೆಗೆ ಕೈ ಚಾಚಿ ಸೊಪ್ಪನ್ನು ಮುಟ್ಟಿದವನೂ ನಾನೇ. ಅಂದು ಆ ಮನೆಗೆ ಪಲಾಂಡುವನ್ನು ತಂದವನು ನಾನೇ ಹೊರತು ಅವಳಲ್ಲ.

ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅವಳು 2015ರಲ್ಲಿ ಹರಿಪಾದವನ್ನು ಸೇರಿದಳು. ನಾನು ನಿವೃತ್ತನಾದ ಮೇಲೆ ಒಂದು ಆಗಸ್ಟ್ ತಿಂಗಳಲ್ಲಿ, ಕೃಷಿ ಇಲಾಖೆಯವರು ನಡೆಸುವ ರಾನಭಾಜಿ ಮಹೋತ್ಸವಕ್ಕೆ ಹೋದೆ. ಅಲ್ಲಿ ಬುಟ್ಟಿಯೊಂದರ ಮುಂದೆ ಫೋಡಶೀ ಎಂದು ಚೀಟಿ ಬರೆದಿಟ್ಟಿದ್ದರು. ಕ್ಲೋರೋಫೈಟಮ್ ಎಂಬ ಕುಲದ್ದು. ವೈದ್ಯರ ಸಫೇದ ಮುಸ್ಲಿಯೂ ಇದೇ ಕುಲದ್ದು. ಕುಟುಂಬದಿಂದ ನಮ್ಮ ಶತಾವರಿಗೆ ನೆಂಟ. ಬೇರಿನಲ್ಲಿ ಪದರದ ಗಡ್ಡೆಯಿಲ್ಲ, ಸಣ್ಣ ಗೆಣಸಿನಂತಹ ಬೇರುಗಳ ಗೊಂಚಲು. ಉಳ್ಳಾಗಡ್ಡಿಯ ತಾಳು ಒಳಗೆ ಟೊಳ್ಳು. ಇದರ ಎಲೆ ಚಪ್ಪಟೆ. ಎಲೆಯೊಂದನ್ನು ಕೇಳಿ ಪಡೆದು ಹೊಸಕಿ ಮೂಸಿದೆ. ಹುಲ್ಲಿನ ಪರಿಮಳವಲ್ಲದೆ ಬೇರೇನೂ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಗಿ ಹೋದ ಮೇಲೆ, ತೊಳೆದ ಕೈಯಿಂದ ಮೂಸಿ ನೋಡಿದಂತಾಯಿತು, ಹೇಳಿದವಳು ಇರಲಿಲ್ಲ.

ನನ್ನಂತಹ ತಪ್ಪು ದೂರದ ದೇಶಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಅದರ ಫಲ ಇನ್ನೂ ಘೋರ. ಯುರೋಪಿನ ಕಾಡುಗಳಲ್ಲಿ ಆಲಿಯಂ ಉರ್ಸಿನಮ್ ಎಂಬ ಕರಡಿಬೆಳ್ಳುಳ್ಳಿ ಬೆಳೆಯುತ್ತದೆ. ಜನರು ವಸಂತದಲ್ಲಿ ಅದರ ಎಲೆಗಳನ್ನು ಆಯುತ್ತಾರೆ. ಅದರ ಎಲೆಯನ್ನೇ ಹೋಲುವ ಎರಡು ವಿಷಸಸ್ಯಗಳೂ ಅಲ್ಲಿ ಉಂಟು: ಕಾನ್ವಲೇರಿಯಾ ಮತ್ತು ಕಾಲ್ಚಿಕಮ್. ಹೊಸಕಿ ಮೂಸಿದರೆ ಬೆಳ್ಳುಳ್ಳಿಯ ವಾಸನೆ ಬರುವುದು ಮಾತ್ರ ತಿನ್ನಬಹುದಾದದ್ದು ಎಂಬುದು ಆಯುವವರ ನಿಯಮ. ಆದರೆ ನಾಲ್ಕು ಎಲೆ ಹೊಸಕಿದ ಮೇಲೆ ವಾಸನೆ ಬೆರಳಿಗೇ ಹತ್ತಿರುತ್ತದೆ. ಐದನೆಯದು ವಿಷದ ಎಲೆಯಾದರೂ ಬೆಳ್ಳುಳ್ಳಿಯಂತೆಯೇ ತೋರುತ್ತದೆ. ಹೀಗೆ ಮೋಸಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಲ್ಲಿ ಬೆರಳಿನ ವಾಸನೆಯಿಂದ ವಿಷವು ಆಹಾರವಾಗಿ ಕಂಡಿತು; ಇಲ್ಲಿ ಬೆರಳಿನ ವಾಸನೆಯಿಂದ ಶುದ್ಧವಾದದ್ದು ನಿಷಿದ್ಧವಾಗಿ ಕಂಡಿತು.

ಇನ್ನು ವಾಸನೆಯೊಂದೇ ನಿರ್ಣಾಯಕವೆನ್ನುವವರು ಇಂಗನ್ನು ನೆನೆಯಬೇಕು. ಇಂಗಿಲ್ಲದೆ ನಮ್ಮ ಸಾರಿಲ್ಲ, ಹುಳಿಯಿಲ್ಲ. ಉಳ್ಳಾಗಡ್ಡಿಯಲ್ಲಿರುವಂತೆ ಇಂಗಿನಲ್ಲಿಯೂ ಗಂಧಕದ ಅಂಶವೇ ವಾಸನೆಗೆ ಕಾರಣ. ಆದರೆ ಇಂಗು ಕೊತ್ತಂಬರಿ–ಜೀರಿಗೆಯ ಕುಟುಂಬದ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಆಫ್ಘಾನಿಸ್ತಾನ, ಇರಾನ್ ದೇಶಗಳಿಂದ ನಮಗೆ ಬರುವಂಥದು. 2020ರ ಅಕ್ಟೋಬರದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನಮ್ಮ ವಿಜ್ಞಾನಿಗಳು ಅದರ ಕೃಷಿಗೆ ಪ್ರಥಮ ಸಸಿ ನೆಟ್ಟರು. ಹಿರಿಯರು ವಾಸನೆಯನ್ನು ನೋಡಿ ಇಂಗನ್ನು ಬಿಡಲಿಲ್ಲ. ವಸ್ತುವನ್ನು ಬೇರೆಯೆಂದು ಅರಿತರು, ಆದುದರಿಂದ ಉಳಿಸಿಕೊಂಡರು.

ಹಾಗಾದರೆ ಸಿದ್ಧಾಂತವೇನು? ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಶ್ರೀಮದಾಚಾರ್ಯರು ನಮಗೆ ಕೊಟ್ಟಿದ್ದಾರೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೋದರೆ ಎರಡೂ ಕೆಡುತ್ತವೆ. ಪಲಾಂಡು ವರ್ಜ್ಯವೆಂಬುದು ಆಗಮದ ವಿಷಯ. ಅದನ್ನು ಸಸ್ಯಶಾಸ್ತ್ರವಾಗಲಿ ವೈದ್ಯಶಾಸ್ತ್ರವಾಗಲಿ ನಿರ್ಧರಿಸಲಾರದು. ಕಾಶ್ಯಪಸಂಹಿತೆಯಲ್ಲಿ ಲಶುನಕ್ಕೇ ಒಂದು ಕಲ್ಪವಿದೆ. ಆಯುರ್ವೇದವು ಅದನ್ನು ರಸಾಯನವೆಂದು ಹೊಗಳುತ್ತದೆ. ಆ ಹೊಗಳಿಕೆಯಿಂದ ನಿಷೇಧವು ಸಡಿಲವಾಗದು. ನಿಷೇಧದಿಂದ ಆ ಗುಣವು ಸುಳ್ಳೂ ಆಗದು. ಆದರೆ ಎದುರಿಗಿರುವ ಈ ಎಲೆ ಪಲಾಂಡುವೇ ಎಂಬುದು ಪ್ರತ್ಯಕ್ಷದ ವಿಷಯ. ಅದನ್ನು ಮನುಸ್ಮೃತಿಯು ಬಂದು ಹೇಳಲಾರದು. ಅಲ್ಲಿ ಬೇಕಾದದ್ದು ದೋಷರಹಿತವಾದ ಇಂದ್ರಿಯ. ನನ್ನ ಮೂಗು ದೋಷರಹಿತವಾಗಿರಲಿಲ್ಲ. ನನ್ನ ಬುದ್ಧಿಯಂತೂ ಮೊದಲೇ ತೀರ್ಪು ಕೊಟ್ಟು ಕುಳಿತಿತ್ತು.

ಇನ್ನೂ ಒಂದು ಮಾತು. ಪಂಚಭೇದಗಳನ್ನು ನಾವು ಬಾಲ್ಯದಿಂದ ಎಣಿಸಿ ಕಲಿಯುತ್ತೇವೆ. ಜೀವ–ಈಶ್ವರಭೇದಕ್ಕೆ ಕೊಡುವ ಗಮನವನ್ನು ಜಡ–ಜಡಭೇದಕ್ಕೆ ಕೊಡುವವರು ವಿರಳ. ಭೇದವೆಂಬುದು ವಸ್ತುವಿನ ಸ್ವರೂಪವೇ ಎಂದು ವಿಷ್ಣುತತ್ತ್ವವಿನಿರ್ಣಯದಲ್ಲಿ ಆಚಾರ್ಯರು ಸ್ಥಾಪಿಸಿದ್ದಾರೆ. ಅಂದಮೇಲೆ ಒಂದು ಎಲೆಯನ್ನು ಇನ್ನೊಂದರಿಂದ ಬೇರೆಯೆಂದು ಅರಿಯುವುದು ಆ ಎಲೆಯನ್ನು ಅರಿಯುವುದೇ ಆಗುತ್ತದೆ. “ಎಲ್ಲ ಒಂದೇ ತರಹ ಕಾಣ್ತಾವ” ಎಂದು ಕಾಡುಸೊಪ್ಪುಗಳನ್ನೆಲ್ಲ ಒಂದೇ ಮೂಟೆಗೆ ಕಟ್ಟುವವನು ಬಾಯಲ್ಲಿ ಭೇದವನ್ನು ಹೇಳಿ ಕೈಯಲ್ಲಿ ಅದನ್ನು ಅಳಿಸುತ್ತಾನೆ. ಅಂದು ನಾನು ಮಾಡಿದ್ದು ಅದನ್ನೇ. ಓದುಬರಹವಿಲ್ಲದ ಆ ಹೆಣ್ಣುಮಗಳು ವಸ್ತುಭೇದವನ್ನು ಬಲ್ಲವಳಾಗಿದ್ದಳು. ಶಾಸ್ತ್ರಪಾಠವಾದ ನನಗೆ ಅದು ತಿಳಿದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಸಂಶಯ ಬಂದಾಗ ಬಿಟ್ಟುಬಿಡುವುದೇ ಶ್ರೇಯಸ್ಕರವಲ್ಲವೇ? ಒಂದು ಸೊಪ್ಪನ್ನು ತಿನ್ನದಿದ್ದರೆ ಏನು ಹಾನಿ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನನ್ನ ಎಲೆಯಲ್ಲಿ ಬಿದ್ದುದರ ಬಗ್ಗೆ ನನಗೆ ಸಂಶಯವಾದರೆ, ಸದ್ದಿಲ್ಲದೆ ಬದಿಗೆ ಸರಿಸಿ ಏಳುವುದು ಸರಿಯೇ. ಅದರಿಂದ ನೋಯುವವರು ಯಾರೂ ಇಲ್ಲ. ಆದರೆ ಆ ಸಂಶಯವು ಇನ್ನೊಬ್ಬರ ಮೇಲೆ ದೋಷಾರೋಪವಾಗಿ ಹೊರಟಾಗ ಅದು ವ್ರತವಾಗಿ ಉಳಿಯದು. ಆಗ ವಿಚಾರಣೆ ಮೊದಲು, ಮಾತು ಆಮೇಲೆ. ಬಿಡುವುದಕ್ಕೆ ಸಂಶಯ ಸಾಕು. ದೂಷಿಸುವುದಕ್ಕೆ ನಿಶ್ಚಯ ಬೇಕು. ಪರಸ್ಥಳದಲ್ಲಿ ಬಾಳುವ ನಮ್ಮಂಥ ಕುಟುಂಬಗಳಿಗೆ ಈ ವಿವೇಕ ಪ್ರತಿನಿತ್ಯದ ಅಗತ್ಯ. ನೆರೆಯವರು ಹಬ್ಬದ ದಿನ ತಟ್ಟೆ ತಂದುಕೊಡುತ್ತಾರೆ, ಕಾರಖಾನೆಯ ಮೆಸ್ಸಿನಲ್ಲಿ ಬಡಿಸುತ್ತಾರೆ, ಸೊಸೆಯಾಗಿ ಬಂದವಳು ಬೇರೆ ಊರಿನ ಪಲ್ಯ ಮಾಡುತ್ತಾಳೆ. ಅಲ್ಲೆಲ್ಲ ನಾವು ಮೂಸುವ ಮುನ್ನ ನಮ್ಮ ಕೈಯನ್ನು ತೊಳೆದುಕೊಂಡಿದ್ದೇವೆಯೇ?

ಇದಿಷ್ಟನ್ನೂ ಬರೆದು ನಾನು ಆ ತರುಣನಿಗೆ ಹೀಗೆ ತಿಳಿಸಿದೆ: “ಚಿರಂಜೀವಿ, ನೀನು ಕಂಡ ಸಸ್ಯವು ನಿಜವಾಗಿಯೂ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳ ಕುಲಕ್ಕೇ ಸೇರಿದ್ದು. ಕುಲವೊಂದರಿಂದ ಹೇಳುತ್ತಿಲ್ಲ: ಬುಡದಲ್ಲಿ ಗಡ್ಡೆಯಿದೆ, ಹೊಸಕಿದರೆ ಅದೇ ವಾಸನೆಯಿದೆ, ಉಣ್ಣುವವರು ಅದನ್ನು ಬೆಳ್ಳುಳ್ಳಿಯ ಬದಲಿಗೇ ಬಳಸುತ್ತಾರೆ. ವಸ್ತುವೇ ಹೀಗಿರುವಾಗ ಸ್ಮೃತಿಕಾರರು ಅದನ್ನು ಕಂಡಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. ಆದುದರಿಂದ ಬಿಡು. ಹಿಂದೆ ಎಂದಾದರೂ ತಿಳಿಯದೆ ಹೊಟ್ಟೆಗೆ ಹೋಗಿದ್ದರೆ ಅಂಜಬೇಡ. ಊರಿಗೆ ಬಂದಾಗ ಮಠದಲ್ಲಿ ಹಿರಿಯರನ್ನು ಕೇಳಿ ಅವರು ಹೇಳಿದಂತೆ ಮಾಡು. ಅಲ್ಲಿಯವರೆಗೆ ಅಲ್ಲಿಯ ಕಾಡಿನ ಎಲೆಯನ್ನು ಬಲ್ಲವರಿಲ್ಲದೆ ಬಾಯಿಗೆ ಹಾಕಬೇಡ. ಅದು ಧರ್ಮಕ್ಕಿಂತ ಮೊದಲು ಪ್ರಾಣದ ಪ್ರಶ್ನೆ. ಆದರೆ ಬಡಿಸಬಂದ ಗೆಳೆಯನ ಮೇಲೆ ಮುಖ ಸಿಂಡರಿಸಬೇಡ. ಅವನಿಗೆ ಅದು ವಸಂತದ ಮೊದಲ ಸೊಪ್ಪು. ಆ ಹೂವನ್ನು ಮಾಡಿದವನೂ ನಮ್ಮ ಸ್ವಾಮಿಯೇ. ತಿನ್ನಬೇಡವೆಂದ ಮಾತ್ರಕ್ಕೆ ನೋಡಬೇಡವೆಂದು ಯಾವ ಶಾಸ್ತ್ರವೂ ಹೇಳಿಲ್ಲ.”

ಈಗ ಪ್ರತಿ ವರ್ಷ ಆಷಾಢ ಶುದ್ಧ ನವಮಿಯ ಸಂಜೆ ನಾನು ಪೇಟೆಗೆ ಹೋಗಿ ಫೋಡಶೀ ಸಿಕ್ಕರೆ ತರುತ್ತೇನೆ. ಮಾರುವಾಕೆ ಕೇಳಿದಷ್ಟು ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ. ಮನೆಗೆ ಬಂದು ಮೊದಲು ಕೈ ತೊಳೆಯುತ್ತೇನೆ. ಸೊಸೆಯು ಹೆಸರುಬೇಳೆ ಹಾಕಿ ಪಲ್ಯ ಮಾಡುತ್ತಾಳೆ. ದೇವರಿಗೆ ನೈವೇದ್ಯವಾದ ಮೇಲೆ ಉಣ್ಣುತ್ತೇವೆ. ಇದು ಪ್ರಾಯಶ್ಚಿತ್ತವೆಂದು ನಾನು ಹೇಳಲಾರೆ. ಕ್ಷಮಿಸಬೇಕಾದ ಇಬ್ಬರಲ್ಲಿ ಒಬ್ಬಳು ಇಲ್ಲ; ಇನ್ನೊಬ್ಬಳ ಹೆಸರನ್ನು ಕೂಡ ನಾನು ಕೇಳಿ ತಿಳಿದಿರಲಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.